ಗೋಡೆ, ಪುಟ್ಟಿ, ಪೇಂಟು ಮತ್ತು ನನ್ನ ಥಿಯರಿ

ಇಷ್ಟು ವರ್ಷ ಇಂಜಿನಿಯರಿಂಗ್ ಕಾಲೇಜಿನಲ್ಲಿ ಹುಡುಗರಿಗೆ ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಅರೆದು ಕುಡಿಸಿದವನಿಗೆ ಒಂದು ಗೋಡೆ ಯಾವ ಲೆಕ್ಕ? "ಪೇಂಟರ್ ಯಾಕೆ, ನಾನಿಲ್ವಾ!" ಎಂದು ಟೊಂಕ ಕಟ್ಟಿ ನಿಂತೆ.

ನನ್ನವಳು ಹಲ್ಲಿನ ಡಾಕ್ಟರು. ಮನೆಯ ಮುಂದಿನ ಕೋಣೆಯಲ್ಲಿ ಮರುದಿನ ಬೆಳಿಗ್ಗೆಯೇ ಅವಳ ಸ್ವಂತ ಕ್ಲಿನಿಕ್ ಶುರು. ಎಷ್ಟೋ ವರ್ಷಗಳ ಆಸೆ. ಹೊಸ ಕುರ್ಚಿ ಬಂದು ಕೂತಿತ್ತು, ಬಿಳಿ ಕೋಟು ಇಸ್ತ್ರಿಯಾಗಿ ಮೊಳೆಗೆ ನೇತಾಡುತ್ತಿತ್ತು. ಬಾಕಿ ಇದ್ದದ್ದು ಬಿರುಕು ಬಿಟ್ಟ ಆ ಒಂದು ಗೋಡೆ.

"ರೀ, ಮೊದಲು ಬಿರುಕು ಮುಚ್ಚೋ ಹಾಗೆ ಪುಟ್ಟಿ ಹಚ್ಚಿ. ಪೂರ್ತಿ ಒಣಗಿದ ಮೇಲೆ ಬಣ್ಣ. ಅವಸರ ಮಾಡ್ಬೇಡಿ," ಎಂದು ಹೇಳಿ ಅವಳು ಹೆಸರಿನ ಬೋರ್ಡು ತರಲು ಹೊರಟಳು.

ಒಣಗುವವರೆಗೆ ಕಾಯುವುದೆ? ಸಿಗ್ನಲ್ಲು ಸಿಸ್ಟಮ್ ದಾಟುವ ಲೆಕ್ಕದ, ಅಂದರೆ ಕಾನ್ವಲ್ಯೂಷನ್ನಿನ, ಸಹವರ್ತನೀಯ ಗುಣವನ್ನು ಆಗಷ್ಟೇ ತರಗತಿಯಲ್ಲಿ ಕಲಿಸಿ ಬಂದವನು ನಾನು. ಸಿಗ್ನಲ್ಲು ಎರಡು ಸಿಸ್ಟಮ್‌ಗಳನ್ನು ಒಂದಾದ ಮೇಲೊಂದು ದಾಟಬೇಕೆ? ಆ ಎರಡನ್ನು ಮೊದಲೇ ಒಂದು ಮಾಡಿ, ಒಂದೇ ಸಲ ದಾಟಿಸಿ. ಫಲಿತಾಂಶ ಅದೇ! ಗೋಡೆ ಸಿಗ್ನಲ್ಲು, ಪುಟ್ಟಿ ಒಂದು ಸಿಸ್ಟಮ್, ಪೇಂಟು ಇನ್ನೊಂದು. ಎರಡನ್ನೂ ಬಕೆಟ್ಟಿಗೆ ಸುರಿದೆ, ಗಟ್ಟಿಯಾಯಿತೆಂದು ಧಾರಾಳವಾಗಿ ನೀರು ಹಾಕಿ ಕಲಸಿ, ಗೋಡೆಗೆ ಬಳಿದೆ.

ಗೋಡೆ ಆ ನೀಲಿ ಗಂಜಿಯನ್ನು ಸ್ವಲ್ಪ ಹೊತ್ತು ಮರ್ಯಾದೆಗೆ ಹಿಡಿದುಕೊಂಡಿತು. ಆಮೇಲೆ ಕೈಬಿಟ್ಟಿತು. ಬೇಗ ಒಣಗಲಿ ಎಂದು ಗೋಡೆಯ ಬುಡದಲ್ಲಿ ಟೇಬಲ್ ಫ್ಯಾನ್ ಇಟ್ಟು ಜೋರಾಗಿ ಹಾಕಿದೆ. ಜಾರುತ್ತಿದ್ದ ಗಂಜಿ ಸೀದಾ ಫ್ಯಾನಿನೊಳಕ್ಕೆ ಇಳಿಯಿತು. ಉಳಿದದ್ದನ್ನೆಲ್ಲ ಫ್ಯಾನೇ ನೋಡಿಕೊಂಡಿತು: ಕುರ್ಚಿ, ಕೋಟು, ನನ್ನ ಕನ್ನಡಕ.

ಬೋರ್ಡು ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.

"ಏನ್ರೀ ಇದು?"

"ಥಿಯರಿ ಸರಿಯಾಗೇ ಇತ್ತು ಕಣೇ. ಯಾವೆರಡನ್ನ ಮೊದಲು ಸೇರಿಸಿದ್ರೂ ಕೊನೇಲಿ ಬರೋದು ಒಂದೇ..."

"ಅದಕ್ಕೆ ಷರತ್ತು ಗಿರತ್ತು ಏನೂ ಇಲ್ವಾ?"

"ಇದೆ. ಸಿಸ್ಟಮ್ ಹೊತ್ತು ಕಳೆದಂಗೆ ಬದಲಾಗ್ಬಾರದು."

"ಪುಟ್ಟಿ?"

"ಒಣಗುತ್ತೆ," ಎಂದೆ.

ಅವಳು ಕೋಟು ಮುಟ್ಟಿ ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಕಣ್ಣು ತುಂಬಿದ್ದು ನೋಡಿ ನಿಜಕ್ಕೂ ನಾಚಿಕೆಯಾಯಿತು. ಮರುಗಳಿಗೆ ಕಣ್ಣೊರೆಸಿಕೊಂಡು ತೋಳು ಮಡಚಿದಳು.

"ನೀವು, ಬಕೆಟ್ಟು, ಫ್ಯಾನು. ಮೂರೂ ಹೊರಗೆ! ಯಾವೆರಡು ಮೊದಲು ಜೊತೆಯಾಗಿ ಹೋದ್ರೂ ಫಲಿತಾಂಶ ಒಂದೇ ಅಲ್ವಾ?"

ಮೂವರೂ ಮೆಟ್ಟಿಲ ಮೇಲೆ ಕೂತೆವು. ಒಳಗೆ ಗೋಡೆ ಕೆರೆಯುವ ಸದ್ದು ಬಹಳ ಹೊತ್ತು ಕೇಳಿಸಿತು.

ಮರುದಿನ ಗೋಡೆಗೆ ಪರದೆ ಕಟ್ಟಿಕೊಂಡು ಕ್ಲಿನಿಕ್ಕು ಹೇಳಿದ ಹೊತ್ತಿಗೇ ತೆರೆಯಿತು. ನನ್ನನ್ನು ಒಳಗೆ ಬಿಟ್ಟುಕೊಂಡದ್ದು ಮಾತ್ರ, ಪೂರ್ತಿ ಒಣಗಿದ ಮೇಲೆ.