ಅಪ್ಪಾಜಿಯ ಕಿವಿ ಇದ್ದ ಕಾರು

"ಮಂಗಳಾ, ಹಳೇ ಗಾಡಿ ಮಾರೋರ ಸುಳ್ಳಿಗೆಲ್ಲ ಇವತ್ತಿಂದ ಬೀಗ ಬಿತ್ತು ಅಂತ ತಿಳ್ಕೊ!"

ನಮ್ಮಣ್ಣ ಗುರುಮಲ್ಲೇಶ ಹೀಗೆ ಘೋಷಿಸಿದಾಗ ಅವನ ಕೈಯಲ್ಲಿ ಒಂದು ಕುಕ್ಕರ್ ಇತ್ತು. ಅದರ ಮುಚ್ಚಳದಿಂದ ಎರಡು ವೈರು, ಒಂದು ಸ್ಟೆತಾಸ್ಕೋಪು, ಹಳೆಯ ರೇಡಿಯೋದ ಒಂದು ಸ್ಪೀಕರು ಹೊರಗೆ ಚಾಚಿಕೊಂಡಿದ್ದವು. ನಾಲ್ಕು ತಿಂಗಳಿಂದ ನಾನು ಅಡುಗೆಮನೆಯಲ್ಲೆಲ್ಲ ಹುಡುಕುತ್ತಿದ್ದದ್ದು ಅದೇ ಕುಕ್ಕರನ್ನು!

"ಬೇಳೆ ಬೇಯಿಸೋದ್ರಲ್ಲಿ ಗಾಡಿ ಪರೀಕ್ಷೆ ಮಾಡ್ತೀಯಾ?" ಎಂದೆ.

"ಇದು ಕುಕ್ಕರಲ್ಲ. ಗಾಡಿಜ್ಞಾನಿ!"

ಅಣ್ಣ ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿದ್ದು ನಿವೃತ್ತನಾದವನು. ಸುಮ್ಮನೆ ಕೂರುವ ಜಾಯಮಾನ ಅವನದಲ್ಲ. ಹೋದ ವರ್ಷ ದೋಸೆ ತಾನಾಗಿ ಮಗುಚುವ ಯಂತ್ರ ಮಾಡಿದ್ದ. ಮೂರು ದೋಸೆ ಫ್ಯಾನಿಗೆ ಅಂಟಿಕೊಂಡವು, ಒಂದು ಇನ್ನೂ ಸಿಕ್ಕಿಲ್ಲ. ಆದರೆ ಈ ಸಲ ಯಂತ್ರ ಬೇಕಾಗಿದ್ದದ್ದು ನನಗೆ. ಅದರ ಕಾರಣ ಹೇಳಿಬಿಡುತ್ತೇನೆ.

ನಮ್ಮ ಅಪ್ಪಾಜಿ ಚಿಕ್ಕನಂಜಯ್ಯ ಮೈಸೂರಿನ ಒಂದು ಊದುಬತ್ತಿ ಕಾರ್ಖಾನೆಯ ಯಜಮಾನರಿಗೆ ಮೂವತ್ತೊಂದು ವರ್ಷ ಡ್ರೈವರಾಗಿದ್ದವರು. ದೊಡ್ಡ ದೊಡ್ಡ ಕಾರು ಓಡಿಸಿದ್ದಾರೆ. ಹಿಂದಿನ ಸೀಟಿನಲ್ಲಿ ಒಂದು ದಿನವೂ ಕೂತವರಲ್ಲ. ಯಜಮಾನರು ಕೂತರು, ಅವರ ಮಕ್ಕಳು ಕೂತರು, ಬೀಗರು ಕೂತರು. ಯಜಮಾನರ ನಾಯಿ ಕೂಡ ಕಿಟಕಿಯಿಂದ ಮೂತಿ ಹೊರಗೆ ಹಾಕಿಕೊಂಡು ಜಂಬದಿಂದ ಕೂತಿತ್ತು. ಆಮೇಲೆ ಆ ಸೀಟು ಒರೆಸಿದ್ದು ನಮ್ಮಪ್ಪಾಜಿ. ನಾನು ಆಗ ಏಳನೇ ಕ್ಲಾಸು. ಅದನ್ನು ನೋಡಿ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಸಿಟ್ಟು ಇವತ್ತಿಗೂ ಆರಿಲ್ಲ.

ಆ ವಾರದ ಶುಕ್ರವಾರ ಅಪ್ಪಾಜಿಗೆ ಎಂಬತ್ತು ತುಂಬುವುದಿತ್ತು. ಅವತ್ತು ಅವರನ್ನು ಉದ್ದನೆಯ ದೊಡ್ಡ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಊರೆಲ್ಲ ಸುತ್ತಿಸಬೇಕು. ಬಾಡಿಗೆ ಕಾರಲ್ಲ, ಅವರದೇ ಹೆಸರಿನ ಸ್ವಂತ ಕಾರು! ನಾನು ಹದಿನಾಲ್ಕು ವರ್ಷದಿಂದ ಸ್ಕೂಲ್ ವ್ಯಾನ್ ಓಡಿಸುತ್ತಿದ್ದೇನೆ. ಇನ್ನೊಂದು ವ್ಯಾನಿಗೆಂದು ಕೂಡಿಟ್ಟ ಹಣದಲ್ಲಿ ಹಳೆಯ ದೊಡ್ಡ ಕಾರೊಂದು ಬರುತ್ತಿತ್ತು. ಯಾರೇ ಬೇಡವೆಂದರೂ ಕೊಳ್ಳುವವಳೇ ಎಂದು ಗಟ್ಟಿ ಮಾಡಿಕೊಂಡಿದ್ದೆ. ಮೋಸ ಹೋಗಬಾರದು, ಅಷ್ಟೇ.

"ಇದಕ್ಕೆ ಬುದ್ಧಿ ಎಲ್ಲಿಂದ ತುಂಬಿದೆ?" ಎಂದು ಅಣ್ಣನನ್ನು ಕೇಳಿದೆ.

"ಅಪ್ಪಾಜಿಯಿಂದ!" ಎಂದ. ಅಪ್ಪಾಜಿಗೆ ಇಂಜಿನ್ನಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುವ ಕಿವಿ ಇದೆ. ನಾಲ್ಕು ತಿಂಗಳಿಂದ ಅಣ್ಣ ಅವರನ್ನು ಜಗುಲಿಯ ಮೇಲೆ ಕೂರಿಸಿ, ನಂಜನಗೂಡು ರಸ್ತೆಯಲ್ಲಿ ಹೋಗುವ ಒಂದೊಂದು ಗಾಡಿಗೂ ಅವರು ಹೇಳಿದ್ದನ್ನೆಲ್ಲ ಯಂತ್ರಕ್ಕೆ ಕೇಳಿಸಿದ್ದನಂತೆ.

"ಗಾಡಿ ಬರದೆ ಇದ್ದಾಗ ಆಫ್ ಮಾಡ್ತಿದ್ದೆ ತಾನೆ?"

"ಆಫ್ ಯಾಕೆ ಮಾಡ್ಬೇಕು? ಕಲೀಲಿ ಬಿಡು!"

ಎಡವಟ್ಟಾದದ್ದು ಅಲ್ಲೇ. ಆಗ ನನಗೆ ಹೊಳೆಯಲಿಲ್ಲ.

ಪ್ರದರ್ಶನಕ್ಕೆ ಅಣ್ಣ ನನ್ನ ವ್ಯಾನಿನ ಬಾನೆಟ್ಟಿಗೆ ಸ್ಟೆತಾಸ್ಕೋಪು ಅಂಟಿಸಿದ. ಕುಕ್ಕರು ಒಂದು ವಿಷಲ್ ಹಾಕಿ ಮಾತಾಡಿತು. ಥೇಟ್ ಅಪ್ಪಾಜಿಯ ದನಿ!

"ಇಂಜಿನ್ನು ಪರ್ವಾಗಿಲ್ಲ. ಓಡ್ಸೋಳು ಕ್ಲಚ್ ಮೇಲೆ ಕಾಲಿಟ್ಕೊಂಡೇ ಇರ್ತಾಳೆ. ನೂರು ಸಲ ಹೇಳಿದ್ದೀನಿ, ಕೇಳಲ್ಲ. ಅವರಮ್ಮನ ಹಟ."

ಜಗುಲಿಯ ಮೇಲೆ ಟೀ ಕುಡಿಯುತ್ತಿದ್ದ ಅಪ್ಪಾಜಿ ಬೆಚ್ಚಿ ಲೋಟ ಕೆಳಗಿಟ್ಟರು. "ಯಾರ್ಲಾ ಅದು, ನನ್ನಂಗೇ ಮಾತಾಡೋನು?"

"ಆದ್ರೆ ಸರಿಯಾಗಿ ಹೇಳ್ದ," ಎಂದು ತಾವೇ ಸೇರಿಸಿದರು.

ಮರುದಿನ ಬೆಳಗ್ಗೆ ಕುಕ್ಕರನ್ನು ಮಡಿಲಲ್ಲಿಟ್ಟುಕೊಂಡು ರಿಂಗ್ ರೋಡಿನಲ್ಲಿದ್ದ ಪುಟ್ಟಮಾದಪ್ಪನ ಹಳೇ ಕಾರುಗಳ ಅಂಗಡಿಗೆ ಹೋದೆವು. ನನ್ನ ಕಣ್ಣಿಗೆ ಬಿದ್ದದ್ದು ಒಂದೇ ಕಾರು. ಕಪ್ಪಗೆ, ಮಿರಮಿರ ಮಿಂಚುತ್ತಾ, ನಮ್ಮ ಬೀದಿಯ ಅರ್ಧದಷ್ಟು ಉದ್ದವಿತ್ತು! ಒಳಗೆ ಟೀವಿಯಂಥ ಸ್ಕ್ರೀನು, ಹಿಂದಿನ ಕಿಟಕಿಗೆ ತಾನಾಗಿ ಏಳುವ ಪರದೆ, ಬೆನ್ನು ಒತ್ತುವ ಸೀಟು, ತಾವೇ ತೆರೆದುಕೊಳ್ಳುವ ಬಾಗಿಲು.

"ಒಬ್ರೇ ಓನರ್ ಅಕ್ಕ, ಡಾಕ್ಟ್ರು," ಎಂದ ಮಾದಪ್ಪ. "ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ. ನಲವತ್ತು ಸಾವಿರ ಕಿಲೋಮೀಟರೂ ಓಡಿಲ್ಲ. ಮಗೂನ ನೋಡ್ಕೊಂಡಂಗೆ ನೋಡ್ಕೊಂಡವ್ರೆ."

ಅಣ್ಣ ಗಂಭೀರವಾಗಿ ಸ್ಟೆತಾಸ್ಕೋಪನ್ನು ಕಾರಿಗೆ ಹಚ್ಚಿ, ಇನ್ನೊಂದು ವೈರನ್ನು ಸ್ಟೇರಿಂಗಿನ ಕೆಳಗೆ ಸಿಕ್ಕಿಸಿದ. 'ಹೊಸ ಸಾಧನವನ್ನು ಸೇರಿಸಿಕೊಳ್ಳಲೇ?' ಎಂದು ಸ್ಕ್ರೀನ್ ಕೇಳಿತು. ಏನು ಕೇಳಿದರೂ 'ಹೌದು' ಒತ್ತುವುದು ಅಣ್ಣನ ಹುಟ್ಟುಗುಣ. ಒತ್ತಿದ!

ಕುಕ್ಕರು ವಿಷಲ್ ಹಾಕಿತು.

"ಒಂದು ಲಕ್ಷದ ಎಂಬತ್ತು ಸಾವಿರ ಓಡಿದೆ. ಮೀಟರ್ ತಿರುಗ್ಸವ್ರೆ. ಡಾಕ್ಟ್ರು ಅಲ್ಲ, ಮೂರು ಜನ ಓನರು. ಎರಡನೆಯೋನು ಬ್ಯಾಂಡ್ ಸೆಟ್ಟಿನೋನು, ಡಿಕ್ಕೀಲಿ ಡೋಲು ಹಾಕ್ತಿದ್ದ. ಎಡಗಡೆ ಬಾಗ್ಲು ಬೇರೆ ಗಾಡೀದು."

ಮಾದಪ್ಪನ ಮುಖ ಬಿಳಿಚಿಕೊಂಡಿತು. "ಏನ್ ಸಾರ್ ಇದು? ಕುಕ್ಕರ್ ಮಾತು ಕೇಳ್ಕೊಂಡು ವ್ಯಾಪಾರ ಮಾಡ್ತೀರಾ?"

"ಡಾಕ್ಟ್ರು ಡೋಲು ಬಾರಿಸ್ತಿದ್ರಾ ಮಾದಪ್ಪ?" ಎಂದೆ ನಾನು.

ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ಒಂದು ಕೆಂಪು ಕಾರನ್ನು ಸ್ಟಾರ್ಟ್ ಮಾಡಿದರು. ಗಾಡಿಜ್ಞಾನಿಗೆ ಯಾವ ಸದ್ದು ಬಿದ್ದರೂ ಬಾಯಿ ಸುಮ್ಮನಿರದು. "ಅದು ಕೆರೆಗೆ ಬಿದ್ದಿದ್ದ ಗಾಡಿ!" ಎಂದು ಕೂಗಿತು. ಆಚೆ ಬಿಳಿ ಕಾರಿಗೆ, "ಅದರ ಇಂಜಿನ್ನು ಅದರದ್ದಲ್ಲ!" ಎಂದಿತು. ಕೊಳ್ಳಲು ಬಂದವರೆಲ್ಲ ಬೆಲೆ ಮಾತಾಡುವುದು ಬಿಟ್ಟು ಕುಕ್ಕರಿನ ಸುತ್ತ ನೆರೆದರು. "ಸ್ವಾಮಿ, ನಮ್ಮದೊಂಚೂರು ಕೇಳಿ," ಎಂದು ಒಬ್ಬರು ಕೈ ಮುಗಿದೇಬಿಟ್ಟರು. ಇನ್ನೊಬ್ಬರು ತಾವು ಹೋದ ವಾರ ಅಲ್ಲೇ ಕೊಂಡ ಕಾರನ್ನು ತರಲು ಓಡಿದರು!

ಮಾದಪ್ಪ ನನ್ನ ಎರಡೂ ಕೈ ಹಿಡಿದುಕೊಂಡ. "ಅಕ್ಕ, ನೀವು ಕೇಳಿದ್ ಬೆಲೆಗೆ ಕೊಡ್ತೀನಿ. ಈ ಮಿಷನ್ ಎತ್ಕೊಂಡು ಹೋಗ್ಬಿಡಿ!"

ನಾನು ಕುಕ್ಕರಿನ ಹತ್ತಿರ ಬಗ್ಗಿದೆ. "ತಗೊಳ್ಳೋದೋ ಬೇಡ್ವೋ?"

"ಇಂಜಿನ್ನು ಬಂಗಾರ," ಎಂದಿತು ಅಪ್ಪಾಜಿಯ ದನಿ. "ಗಾಡಿ ಏನ್ ಮಾಡ್ತದೆ ಪಾಪ, ನೋಡ್ಕೊಂಡೋರು ಸರಿ ಇಲ್ಲ. ಬಾಗ್ಲು ಬದಲಾಯ್ಸಿ, ಬ್ರೇಕ್ ಹೊಸದು ಹಾಕ್ಸಿ. ತಗೊಳ್ಳಿ."

ತೆಗೆದುಕೊಂಡೆ. ಬ್ರೇಕು, ಬಾಗಿಲು ಎರಡನ್ನೂ ಮಾದಪ್ಪ ತುಟಿ ಪಿಟಕ್ಕೆನ್ನದೆ ಅವನ ಖರ್ಚಿನಲ್ಲೇ ಬದಲಾಯಿಸಿಕೊಟ್ಟ. "ಸ್ಕ್ರೀನು ಮಾಲೀಕರ ಹೆಸರು ಕೇಳ್ತಾ ಅದೆ ಅಕ್ಕ," ಎಂದ. ಕಾಗದಪತ್ರಕ್ಕೆ ಬರೆಸಿದ ಹೆಸರನ್ನೇ ಅದಕ್ಕೂ ಕೊಟ್ಟೆ: ಚಿಕ್ಕನಂಜಯ್ಯ.

ಹೊರಡುವಾಗ ಅಣ್ಣ ವೈರು ಕಿತ್ತ. ಕುಕ್ಕರು ಸ್ತಬ್ಧವಾಯಿತು. ಅದೇ ದನಿ ಈಗ ಕಾರಿನ ಎಂಟೂ ಸ್ಪೀಕರುಗಳಿಂದ ಬಂತು. "ಬಾಗ್ಲು ಮೆಲ್ಲಗೆ ಹಾಕಪ್ಪ. ಅತ್ತೆ ಮನೆ ಬಾಗ್ಲಾ ಅದು?"

ಅಣ್ಣ ಕಕ್ಕಾಬಿಕ್ಕಿಯಾದ. ಗಾಡಿಜ್ಞಾನಿ ಕುಕ್ಕರು ಬಿಟ್ಟು ಕಾರಿಗೇ ಬಿಡಾರ ಬದಲಾಯಿಸಿತ್ತು!

ಮನೆಗೆ ಬರುವ ಹನ್ನೆರಡು ಕಿಲೋಮೀಟರಿಗೆ ಎರಡು ಗಂಟೆ ಹಿಡಿಯಿತು. ನಲವತ್ತರ ಮೇಲೆ ಕಾರು ಹೋಗಲೊಲ್ಲದು. ಆಕ್ಸಿಲರೇಟರ್ ಒತ್ತಿದರೆ, "ಎಲ್ಲಿಗೆ ಹೋಗ್ಬೇಕವ್ವ ಅಷ್ಟು ಅರ್ಜೆಂಟಾಗಿ?" ಎನ್ನುತ್ತಿತ್ತು. ಆಸ್ಪತ್ರೆಯ ಮುಂದೆ ಹಾರ್ನ್ ಒತ್ತಿದರೆ ಸದ್ದೇ ಇಲ್ಲ. ದಾರಿಯಲ್ಲಿ ಗಣಪತಿ ಗುಡಿ ಬಂದಾಗ ತಾನಾಗಿ ನಿಂತು, ಹೆಡ್‌ಲೈಟನ್ನು ಮೂರು ಸಲ ಮಿಟುಕಿಸಿ ಮುಂದೆ ಹೋಯಿತು. ಹಿಂದೆ ಬರುತ್ತಿದ್ದ ಲಾರಿಯವನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಹಿಂದೆ ಕಾಲು ಚಾಚಿ ಕೂತಿದ್ದ ಅಣ್ಣ ಚುರುಮುರಿ ಪೊಟ್ಟಣ ಬಿಚ್ಚಿದ. ಕಾರು ಗಕ್ಕನೆ ನಿಂತಿತು.

"ಗಾಡಿ ಒಳಗೆ ತಿನ್ಬಾರ್ದು."

"ಒಂದೇ ತುತ್ತು!" ಎಂದ ಅಣ್ಣ.

ಬೆನ್ನು ಒತ್ತುವ ಸೀಟು ಒಂದು ಸಲ ಗುದ್ದಿತು ನೋಡಿ! ಚುರುಮುರಿ ಕಿಟಕಿಯಾಚೆ, ಅಣ್ಣ ಎರಡು ಸೀಟಿನ ನಡುವೆ!

"ನಾನೇ ಹುಟ್ಟಿಸಿದ ಯಂತ್ರ ನನಗೇ ಹೊಡೀತಲ್ಲೇ!" ಎಂದು ಗೋಳಾಡಿದ.

"ಅಪ್ಪಾಜಿ ನಾಲ್ಕು ತಿಂಗಳು ಜಗುಲಿ ಮೇಲೆ ಗೊಣಗಿದ್ದನ್ನೆಲ್ಲ ಕಲಿಸಿದ್ದು ಯಾರು? ಕಲೀಲಿ ಬಿಡು ಅಂದೋರು ಯಾರು?"

ಗುರುವಾರ ರಾತ್ರಿಯವರೆಗೂ ಅಣ್ಣ ಕಾರಿನ ಕೆಳಗೇ ಮಲಗಿದ್ದ. ಗಾಡಿಜ್ಞಾನಿಯನ್ನು ಕಿತ್ತರೆ ಕಾರಿನ ಬುದ್ಧಿಯೂ ಅದರ ಜೊತೆ ಬಂದುಬಿಡುತ್ತದಂತೆ. "ಇನ್ನೊಂದು ವಾರ ಕೊಡು," ಎಂದ. ನಾನು ಒಪ್ಪಲಿಲ್ಲ. ಶುಕ್ರವಾರ ಎಂದರೆ ಶುಕ್ರವಾರ! ಗೊಣಗಿದರೆ ಗೊಣಗಲಿ, ಓಡುತ್ತದಲ್ಲ?

ಶುಕ್ರವಾರ ಬೆಳಗ್ಗೆ ಅಪ್ಪಾಜಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೊರಗೆ ಬಂದರು. ಕಾರಿನ ಸುತ್ತ ಒಂದು ಸುತ್ತು ಬಂದು, ಹೆಗಲ ಮೇಲಿದ್ದ ಟವಲಿನಿಂದ ಕನ್ನಡಿ ಒರೆಸಿದರು. ಆಮೇಲೆ ಹಿಂದಿನ ಬಾಗಿಲು ತೆಗೆದು, ಒಂದು ಪಕ್ಕಕ್ಕೆ ನಿಂತು, "ಕೂತ್ಕೊಳವ್ವ," ಎಂದರು ನನಗೆ!

ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. "ಅಪ್ಪಾಜಿ, ಇದು ನಿಮ್ಮ ಗಾಡಿ. ನೀವು ಹಿಂದೆ ಕೂರಿ. ನಾನು ಓಡಿಸ್ತೀನಿ."

"ನಾನ್ಯಾಕವ್ವ ಹಿಂದೆ? ಅಭ್ಯಾಸ ಇಲ್ಲ."

"ಒಂದಿನ ಕೂತ್ರೆ ಅಭ್ಯಾಸ ಆಗುತ್ತೆ."

"ಮುಂದೆ ಕೂತು ರಸ್ತೆ ನೋಡ್ದಿದ್ರೆ ನಂಗೆ ತಲೆ ತಿರುಗ್ತದೆ."

"ಸುಳ್ಳು ಹೇಳ್ಬೇಡಿ ಅಪ್ಪಾಜಿ!"

"ಹಿಂದೆ ಕೂರೋಕೆ ನಾನೇನು ಯಜಮಾನನಾ? ಸುಮ್ನಿರು," ಎಂದು ಗದರಿ, ಮುಂದಿನ ಬಾಗಿಲು ತೆಗೆದು ನನ್ನ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಕಟ್ಟಿಕೊಂಡೇಬಿಟ್ಟರು. ಅಣ್ಣ ಜಗುಲಿಯಿಂದ, "ಹೋಗ್ಲಿ ಬಿಡೇ ಮಂಗಳಾ," ಎಂದ. ನಾಲ್ಕು ತಿಂಗಳಿಂದ ಕಂಡ ಕನಸು ಮುಂದಿನ ಸೀಟಿನಲ್ಲೇ ಮುಗಿಯಿತಲ್ಲ ಎಂದು ಹಲ್ಲು ಕಚ್ಚಿಕೊಂಡು ಬಟನ್ ಒತ್ತಿದೆ.

ಕಾರು ಸ್ಟಾರ್ಟ್ ಆಗಲಿಲ್ಲ. ಮತ್ತೆ ಒತ್ತಿದೆ. ಇಲ್ಲ.

"ಯಜಮಾನ್ರು ಹಿಂದೆ ಕೂರ್ಬೇಕು," ಎಂದಿತು ಕಾರು.

ಅಪ್ಪಾಜಿ ಕಿವಿ ನಿಮಿರಿಸಿದರು. "ಯಾರಯ್ಯ ಯಜಮಾನ್ರು?"

"ಚಿಕ್ಕನಂಜಯ್ಯನೋರು. ಹೆಸರು ಬರ್ಸವ್ರೆ."

"ಲೇ, ಚಿಕ್ಕನಂಜಯ್ಯ ನಾನೇ ಕಣೋ! ನಾನು ಡ್ರೈವರು!"

"ಡ್ರೈವರ್ ಸೀಟ್ನಲ್ಲಿ ಹೆಣ್ಮಗು ಅವಳೆ. ಯಜಮಾನ್ರನ್ನ ಮುಂದೆ ಕೂರ್ಸ್ಕೊಂಡು ಗಾಡಿ ತೆಗ್ಯಾಕಿಲ್ಲ. ಅದು ಮರ್ಯಾದೆ ಅಲ್ಲ."

"ನಂಗೇ ಮರ್ಯಾದೆ ಹೇಳ್ಕೊಡ್ತೀಯಾ? ಮೂವತ್ತೊಂದು ವರ್ಷ ಸರ್ವೀಸ್ ಮಾಡಿದ್ದೀನಿ!"

"ನಾನೂ ಅಷ್ಟೇ ಸರ್ವೀಸು," ಎಂದಿತು ಕಾರು ತಣ್ಣಗೆ.

ಒಂದೇ ದನಿಯ ಇಬ್ಬರು ಅರ್ಧ ಗಂಟೆ ಜಗಳವಾಡಿದರು. ಬೀದಿಯವರೆಲ್ಲ ಗೇಟಿನ ಮುಂದೆ ಸೇರಿದರು. ಅಪ್ಪಾಜಿ ಸೋಲುವವರಲ್ಲ, ಕಾರೂ ಅವರದೇ ಹಟದ್ದು. ಕಡೆಗೆ ಹಿಂದಿನ ಬಾಗಿಲು ತಾನಾಗಿ, ಮೆಲ್ಲಗೆ ತೆರೆದುಕೊಂಡಿತು. "ಹೊತ್ತಾಯ್ತದೆ ಯಜಮಾನ್ರೆ, ದಯಮಾಡ್ಸಿ," ಎಂದಿತು. ಅಪ್ಪಾಜಿ ಮೂವತ್ತೊಂದು ವರ್ಷ ದಿನಾ ಬೆಳಗ್ಗೆ ಹೇಳುತ್ತಿದ್ದ ಮಾತು ಅದು, ಅದೇ ದನಿಯಲ್ಲಿ.

ಅಪ್ಪಾಜಿ ಬೆಲ್ಟ್ ಬಿಚ್ಚಿ ಕೆಳಗಿಳಿದರು. ಹಿಂದಿನ ಬಾಗಿಲ ಹತ್ತಿರ ಬಂದು ಚಪ್ಪಲಿ ಬಿಟ್ಟರು.

"ಚಪ್ಪಲಿ ಹಾಕ್ಕೊಂಡೇ ಕೂತ್ಕೊಳಿ. ನಿಮ್ಮದೇ ಗಾಡಿ," ಎಂದಿತು ಕಾರು.

ಅವರು ಹಾಕಿಕೊಂಡು ಕೂತರು. ಬಾಗಿಲು ಸದ್ದಿಲ್ಲದೆ ಮುಚ್ಚಿತು, ಕಿಟಕಿಯ ಪರದೆ ಎದ್ದಿತು, ಇಂಜಿನ್ ಸ್ಟಾರ್ಟ್ ಆಯಿತು. ಕನ್ನಡಿಯಲ್ಲಿ ನೋಡಿದೆ. ಸೀಟಿನ ತುದಿಯಲ್ಲಿ ಕೈ ಕಟ್ಟಿಕೊಂಡು ಕೂತಿದ್ದವರು ಊದುಬತ್ತಿ ಕಾರ್ಖಾನೆಯ ಗೇಟು ದಾಟುವ ಹೊತ್ತಿಗೆ ಬೆನ್ನು ಒರಗಿಸಿದ್ದರು. ನನ್ನ ಜನ್ಮದಲ್ಲಿ ಅಷ್ಟು ಸಂತೋಷ ನಾನು ಕಂಡಿರಲಿಲ್ಲ. ಕಣ್ಣು ಮಂಜಾಗಿ ಒಂದು ಗುಂಡಿಗೆ ಕಾರು ಇಳಿಸಿಬಿಟ್ಟೆ.

"ಕಣ್ ಕಾಣ್ಸಲ್ವೇನವ್ವ?" ಎಂದಿತು ಕಾರು. "ಕಣ್ ಕಾಣ್ಸಲ್ವೇನವ್ವ?" ಎಂದರು ಹಿಂದಿನಿಂದ ಅಪ್ಪಾಜಿ.

ಆ ಭಾನುವಾರ ಮತ್ತೆ ಸುತ್ತಿಸೋಣವೆಂದು ಬಟನ್ ಒತ್ತಿದೆ. ಕಾರು ಮಿಸುಕಲಿಲ್ಲ. "ಇವತ್ತು ರಜ," ಎಂದಿತು. ಅಣ್ಣ ಓಲೈಸಿದ, ಹೆದರಿಸಿದ, ಪೂಜೆ ಕೂಡ ಮಾಡಿದ. ಜಪ್ಪಯ್ಯ ಅನ್ನಲಿಲ್ಲ.

"ನಿಮಗೆ ಭಾನುವಾರ ರಜ ಇತ್ತಾ ಅಪ್ಪಾಜಿ?" ಎಂದು ಕೇಳಿದೆ.

"ಎಲ್ಲಿತ್ತವ್ವ? ಒಂದಿನಾನೂ ಕೇಳೋಕೆ ಬಾಯಿ ಬರ್ಲಿಲ್ಲ," ಎಂದು ಅವರು ಕಾರಿನ ಕಡೆ ನೋಡಿದರು. "ಜಗುಲಿ ಮೇಲೆ ಕೂತಿದ್ದಾಗ ಯಾವಾಗ್ಲೋ ಅಂದಿರ್ಬೇಕು."

ಅಂದಿನಿಂದ ಭಾನುವಾರ ನಾವು ಮೂವರೂ ಆಟೋದಲ್ಲಿ ಓಡಾಡುತ್ತೇವೆ. ಅಪ್ಪಾಜಿ ಸೀದಾ ಹೋಗಿ ಹಿಂದಿನ ಸೀಟಿನ ನಟ್ಟನಡುವೆ ಕೂತುಬಿಡುತ್ತಾರೆ. ಅಣ್ಣನಿಗೂ ನನಗೂ ಜಾಗ ಸಾಲುವುದಿಲ್ಲ.