ಟೀವಿಯ ಹೆಂಗಸು, ಗಿರಣಿಯ ದನಿ

ಗಂಡಸು ಹಿಂಗ ಮಾತಾಡಬೇಕು, ಹೆಂಗಸು ಹಂಗ ಮಾತಾಡಬೇಕು ಅಂತ ಯಾರಾದರೂ ಕಲಿಸಲು ಬಂದಾಗಲೆಲ್ಲ ನಮ್ಮೂರಲ್ಲಿ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತಿತ್ತು. ಎಪ್ಪತ್ತರ ದಶಕದಲ್ಲಿ ಹಾಗೆ ಕಲಿಸಲು ಬಂದದ್ದು ಟೀವಿ. ಇಂಡಿ ತಾಲೂಕಿನ ನಮ್ಮ ಹಳ್ಳಿಯ ಶಾಲೆಗೆ ಸರಕಾರ ಒಂದು ಪೆಟ್ಟಿಗೆ ಕೊಟ್ಟಿತ್ತು. ಸಂಜೆಯಾದರೆ ಇಡೀ ಊರು ಅದರ ಮುಂದೆ.

ಆಗ ನಾನು ಹಿಟ್ಟಿನ ಗಿರಣಿ ನಡೆಸುತ್ತಿದ್ದೆ. ಶಾಲೆಗೆ ಹೋದವಳಲ್ಲ, ಡಬ್ಬಿಗಳ ಮೇಲೆ ಬರೆದ ಹೆಸರು ಕೂಡಿಸಿ ಕೂಡಿಸಿ ಓದು ಕಲಿತವಳು. ಗಿರಣಿಯ ಸದ್ದಿನ ಮೇಲೆ ಮಾತಾಡಿ ನನ್ನ ದನಿ ಊರ ಹೊರಗಿನ ಅಗಸಿಬಾಗಿಲಿಗೆ ಮುಟ್ಟುತ್ತಿತ್ತು. ನಮ್ಮ ಯಜಮಾನರದು ದಿನಕ್ಕೆ ಹತ್ತು ಮಾತು, ಅದರಲ್ಲಿ ಆರು 'ಹೂಂ'. ಸಿಂದಗಿ ಕಡೆಯ ತವರಿನಲ್ಲಿ ನನ್ನಣ್ಣ, "ಹೆಣ್ಣಿನ ದನಿ ಹೊಸ್ತಿಲ ದಾಟಬಾರದು" ಅನ್ನುತ್ತಿದ್ದ. ಅವನೂರಿಗೂ ಇಂಥದೇ ಪೆಟ್ಟಿಗೆ ಬಂದಿತ್ತು. ಅದರೊಳಗಿಂದ ಒಮ್ಮೆ ಅವನಿಗೆ ನನ್ನ ದನಿ ಕೇಳಿಸಲೇಬೇಕು ಅನ್ನುವುದು ನನ್ನ ಹಟ.

ಕೇಳುವಾಕಿ, ಹೇಳುವಾತ

ಟೀವಿಯ ರೈತರ ಕಾರ್ಯಕ್ರಮದಲ್ಲಿ ಹೆಂಡತಿ ಯಾವಾಗಲೂ ಕೇಳುವಾಕಿ, ಗಂಡ ಹೇಳುವಾತ. ಒಂದು ಸಂಜೆ ಆಕೆ ಸೆರಗು ತಿರುವುತ್ತ, "ಜೋಳ ಯಾವಾಗ ಬಿತ್ತಬೇಕು ರೀ? ನನಗೇನೂ ತಿಳಿಯದು" ಎಂದಳು.

ನನ್ನ ಪಕ್ಕದಲ್ಲಿದ್ದ ಮುದುಕಿ ಆಯಿ ಬಾಯಿಗೆ ಕೈಯಿಟ್ಟಳು. "ಇಷ್ಟೂ ಗೊತ್ತಿಲ್ಲೇನ ಇಕಿಗೆ?" ಸ್ವಲ್ಪ ಹೊತ್ತು ಗಂಡನ ಭಾಷಣ ಕೇಳಿ ಆಯಿಯ ಮನಸ್ಸು ಕರಗಿತು. "ಹೋಗ್ಲಿ ಬಿಡ. ಪಾಪ, ಅವಗ ಅದೊಂದ ಗೊತ್ತೈತಿ. ಖುಷಿಯಾಗ್ಲಿ ಅಂತ ಕೇಳಾಕತ್ತಾಳ!"

ಮೆತ್ತಗಿನ ಮಾತು

ಒಬ್ಬ ಅತ್ತೆ ತನ್ನ ಹೊಸ ಸೊಸೆಗೆ, "ಟೀವ್ಯಾಗಿನ ಆಕಿ ಹಂಗ ಮೆತ್ತಗ ಮಾತಾಡು" ಅಂತ ತಾಕೀತು ಮಾಡಿದ್ದಳು. ಆ ಹುಡುಗಿ ಜೋಳ ಬೀಸಿಸಲು ಬಂದು, ಗಿರಣಿಯ ಅಬ್ಬರದಲ್ಲಿ ತುಟಿ ಅಲುಗಿಸಿದಳು. ನನಗೆ ಒಂದಕ್ಷರವೂ ಕೇಳಲಿಲ್ಲ. ಬುಟ್ಟಿ ಸುರುವಿದೆ. ಖಟ್ ಅಂತ ಸದ್ದಾಗಿ ಕಿಡಿ ಹಾರಿತು.

ಆಕೆ ಹೇಳುತ್ತಿದ್ದದ್ದು ಇಷ್ಟೇ: "ಅಕ್ಕಾ, ಜ್ವಾಳದಾಗ ನಮ್ಮತ್ತಿ ಟ್ರಂಕಿನ ಕೀಲಿಕೈ ಬಿದ್ದೈತ್ರಿ."

ಅತ್ತೆ ಓಡಿ ಬಂದು, ಸೊಟ್ಟಾದ ಕೀಲಿಕೈ ಹಿಡಿದುಕೊಂಡು ಕಿರುಚಿದಳು: "ದೇವರು ಬಾಯಿ ಯಾಕ ಕೊಟ್ಟಾನ? ಒದರಬಾರದೇನ!"

ನಮ್ಮಾಕಿ ದನಿ

ಕಡೆಗೂ ಟೀವಿಯವರು ನಮ್ಮ ಮನೆಗೇ ಬಂದರು. ಕಾಳು ಕೆಡದಂತೆ ಇಡುವುದು ಹೇಗೆ ಅನ್ನುವ ಕಾರ್ಯಕ್ರಮ. ಸಾಹೇಬರು, "ಅಮ್ಮಾ, ನೀವು ಮೆಲ್ಲಗೆ ಕೇಳಿ, ಯಜಮಾನರು ಹೇಳಲಿ" ಎಂದರು.

ನಾನು ಕೇಳಿದೆ. ಯಜಮಾನರು ಕ್ಯಾಮೆರಾ ನೋಡಿದರು, ನನ್ನ ನೋಡಿದರು. "ದಿನಾ ಇಡಾಕಿ ನೀ. ನನಗೇನ ಗೊತ್ತು? ನೀನ ಹೇಳು."

ಮೂರು ಸಲ ಹೀಗೇ ಆಯಿತು. ಸಾಹೇಬರು ಸೋತು, "ಆಯ್ತಮ್ಮಾ, ನೀವೇ ಹೇಳಿ" ಎಂದರು. ಬಿಸಿಲಿಗೆ ಹಾಕುವುದು, ಬೇವಿನ ಎಲೆ ಬೆರೆಸುವುದು, ಎಲ್ಲ ಗಿರಣಿಯ ದನಿಯಲ್ಲೇ ಹೇಳಿದೆ. ಇಂಥ ದಿನ ಟೀವಿ ನೋಡು ಅಂತ ಸಿಂದಗಿಯ ಅಣ್ಣನಿಗೆ ಕಾಗದವನ್ನೂ ನಾನೇ ಬರೆದು ಹಾಕಿದೆ.

ಕಾರ್ಯಕ್ರಮ ಬರುವ ಸಂಜೆ ಊರೆಲ್ಲ ಉಸಿರು ಬಿಗಿಹಿಡಿದು ಕೂತಿತ್ತು. ಪೆಟ್ಟಿಗೆಯಲ್ಲಿ ನನ್ನ ಮುಖ ಬಂತು. ಪೆಟ್ಟಿಗೆಯೊಳಗಿನ ನಾನು ಬಾಯಿ ತೆರೆದೆ. ಬಂದದ್ದು ಯಾರೋ ಪಟ್ಟಣದ ಹೆಂಗಸಿನ ದಾರದಂಥ ಸಣ್ಣ ದನಿ! ನನ್ನದು ತೆಗೆದು ಆಕೆಯದು ಕೂಡಿಸಿದ್ದರು.

ಅಷ್ಟರಲ್ಲಿ ಗಂಡಸರ ಸಾಲಿನಿಂದ ಒಬ್ಬರು ಎದ್ದು ನಿಂತು, ಟೀವಿಗೆ ಕೈ ಮಾಡಿ ಗುಡುಗಿದರು:

"ಏ! ಅದು ನಮ್ಮಾಕಿ ದನಿ ಅಲ್ಲ! ನಮ್ಮಾಕಿ ಮಾತಾಡಿದ್ರ ಪೆಟಗಿ ಒಡೀತಿತ್ತು!"

ನಮ್ಮ ಯಜಮಾನರು! ಆ ಕೂಗು ಪೆಟ್ಟಿಗೆಯಿಲ್ಲದೆಯೇ ಸಿಂದಗಿಗೆ ಮುಟ್ಟಿರಬೇಕು. ಊರೆಲ್ಲ ನನ್ನತ್ತ ತಿರುಗಿತು. ನಾನು ಸೆರಗು ತಿರುವುತ್ತ, ಮೆತ್ತಗೆ, "ಕುಂದರ್ರೀ, ಮಂದಿ ನೋಡಾಕತ್ತಾರ" ಎಂದೆ.

ಆಯಿ ನನ್ನ ತೊಡೆಗೆ ಬಡಿದು ನಕ್ಕಳು.

"ಯವ್ವಾ, ಈಗ ನೋಡು, ನೀ ಥೇಟ್ ಟೀವ್ಯಾಗಿನ ಹೆಂಗಸಾದಿ!"