ದೋಣಿಗೆ ಬ್ರೇಕು

ಗಾಡಿ ಕೊಳ್ಳಲು ಹೋದವರು ಏನೇನು ಕೇಳುತ್ತಾರೆಂದು ನಾನು ಗಮನಿಸಿದ್ದೇನೆ. ಎಷ್ಟು ಜೋರಾಗಿ ಓಡುತ್ತದೆ, ಲೀಟರಿಗೆ ಎಷ್ಟು ಕೊಡುತ್ತದೆ, ಬಣ್ಣ ಇದೊಂದೇನಾ, ಬೇರೆಯದೂ ಇದೆಯಾ. ನಿಲ್ಲುತ್ತದೆಯೇ ಎಂದು ಕೇಳಿದವರನ್ನು ಮಾತ್ರ ಕಂಡಿಲ್ಲ. ಕನ್ಯೆ ನೋಡಲು ಬರುವವರೂ ಹಾಗೆಯೇ. ನನ್ನನ್ನು ನೋಡಲು ಬಂದವರು ರೊಟ್ಟಿ ಬಡಿಯಲು ಬರುತ್ತದೆಯೇ, ವಚನ ಹಾಡಲು ಬರುತ್ತದೆಯೇ ಎಂದೆಲ್ಲ ವಿಚಾರಿಸಿದರು. ಈ ಹುಡುಗಿ ಮಾತು ಶುರು ಮಾಡಿದರೆ ಎಲ್ಲಿ ನಿಲ್ಲಿಸುತ್ತಾಳೆ ಎಂದು ಒಬ್ಬರೂ ಕೇಳಲಿಲ್ಲ. ಆ ಅಜಾಗರೂಕತೆಯ ಫಲವನ್ನು ನಮ್ಮ ಮನೆಯವರು ಈರಣ್ಣ ಇಷ್ಟು ವರ್ಷದಿಂದ ಉಣ್ಣುತ್ತಿದ್ದಾರೆ.

ಹೋದ ವರ್ಷ ಇವರಿಗೆ ಎದೆನೋವು ಬಂದು, ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ನನ್ನ ಬಾಯಿಗೆ ಭರ್ತಿ ಕೆಲಸ ಸಿಕ್ಕಿತು. ಎಲ್ಲವನ್ನೂ ಸ್ವಲ್ಪ ಸ್ವಲ್ಪ ತಿನ್ನಬಹುದು, ಗಾಡಿ ನಡೆಸಬಹುದು, ಮನಸ್ಸು ಖುಷಿಯಾಗಿಡಬೇಕು ಎಂದು ಡಾಕ್ಟರು ಹೇಳಿದ್ದರು. ಡಾಕ್ಟರಿಗೆ ಏನು, ಅವರು ಮುಂದಿನ ಪೇಷಂಟನ್ನು ಕರೆದು ನಿಶ್ಚಿಂತೆಯಿಂದ ಇರುತ್ತಾರೆ. ನಾನು ಉಪ್ಪು ನಿಲ್ಲಿಸಿದೆ, ಮಿರ್ಚಿ ಭಜಿ ನಿಲ್ಲಿಸಿದೆ, ಮಹಡಿ ಹತ್ತುವುದನ್ನು ನಿಲ್ಲಿಸಿದೆ. ಇವರ ಬೀಜದಂಗಡಿಯನ್ನು ಮೈದುನನಿಗೆ ಒಪ್ಪಿಸಿಬಿಟ್ಟೆ. ಇವರು ಬಚ್ಚಲಲ್ಲಿ ಎರಡು ನಿಮಿಷ ಹೆಚ್ಚು ಕೂತರೆ ಬಾಗಿಲು ಬಡಿಯುತ್ತಿದ್ದೆ. ಹೊತ್ತುಹೊತ್ತಿಗೆ "ಗುಳಿಗಿ ತಗೊಂಡ್ರಿ ಏನ?" ಎಂದು ಕೇಳುತ್ತಿದ್ದೆ. ನಾನು ಹೆದರಿದ್ದೆ, ಅಷ್ಟೇ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಹೊಕ್ಕ ಆ ಹೆದರಿಕೆ ಮನೆಗೆ ಬಂದರೂ ಬಿಡಲಿಲ್ಲ.

ಇವರು ತಕರಾರಿಲ್ಲದೆ ಎಲ್ಲವನ್ನೂ ಒಪ್ಪಿದರು. ಒಪ್ಪುತ್ತ ಒಪ್ಪುತ್ತ ಒಂದು ದಿನ ದೋಣಿ ಕೊಂಡರು.

ದೋಣಿ ಎಂದರೆ ಸಣ್ಣದಲ್ಲ. ಯಾವುದೋ ಕೆರೆಯಲ್ಲಿ ಜನರನ್ನು ಕೂರಿಸಿಕೊಂಡು ತಿರುಗುತ್ತಿದ್ದ, ಡೀಸೆಲ್ ಎಂಜಿನ್ನಿನ ಭಾರಿ ಫೈಬರ್ ದೋಣಿ. ಕೆರೆ ಬತ್ತಿ ಮಾಲೀಕನಿಗೆ ಬೇಡವಾಗಿತ್ತು. ನಾಲ್ಕು ಗಾಲಿಯ ಟ್ರೇಲರ್ ಮೇಲೆ ಏರಿ ಅದು ನಮ್ಮ ಪಕ್ಕದ ಖಾಲಿ ಸೈಟಿಗೆ ಬಂದು ನಿಂತಾಗ ಓಣಿಯ ಜನ ಸಂಜೆಯ ವಾಕಿಂಗನ್ನು ನಮ್ಮ ಮನೆಯ ಮುಂದೆಯೇ ಮುಗಿಸತೊಡಗಿದರು. ಎದುರುಮನೆಯ ಶಾಂತಕ್ಕ, "ಯಾಕ್ರೀ, ಉಣಕಲ್ ಕೆರಿ ತುಂಬಿ ಇಲ್ಲಿತನಾ ಬರತೈತಂತೇನು? ಮೊದಲs ಹೇಳ್ರಿ, ನಾವೂ ಅರಿವಿ ಕಟ್ಕೊಂಡ ಕುಂಡರ್ತೇವಿ" ಎಂದರು. ಇವರ ಆಲೋಚನೆ ಬೇರೆ ಇತ್ತು. ಕಾರವಾರದ ಹತ್ತಿರ, ಕಾಳಿ ನದಿಯ ದಂಡೆಯಲ್ಲಿರುವ ಗೆಳೆಯನ ಮನೆಯ ಬಳಿ ಅದನ್ನು ನೀರಿಗಿಳಿಸಬೇಕು. ನಮ್ಮ ಹಳೆಯ ಜೀಪಿನಲ್ಲಿ ಅದನ್ನು ಎಳೆದುಕೊಂಡು ಹೋಗಬೇಕು. ನಾನೂ ಪಕ್ಕದಲ್ಲಿ ಕೂತಿರಬೇಕು.

ಕಾರವಾರಕ್ಕೆ ಹೋಗಬೇಕಾದರೆ ಅರಬೈಲು ಘಾಟು ಇಳಿಯಬೇಕು. ಆ ತಿರುವುಗಳಲ್ಲಿ ಬೆನ್ನಿಗೆ ಅಷ್ಟು ಭಾರ ಕಟ್ಟಿಕೊಂಡು ಇಳಿಯುವ ಚಿತ್ರ ಕಣ್ಣಮುಂದೆ ಬಂತು. ಬೇಡವೆಂದರೆ ಇವರು ಅದಕ್ಕೂ ಒಪ್ಪಿಬಿಡುತ್ತಿದ್ದರು. ಆದರೆ ಬೇಡ ಬೇಡ ಎಂದು ನನಗೇ ಸಾಕಾಗಿತ್ತು. ಅದಕ್ಕೆ ಉಪಾಯ ಮಾಡಿದೆ. "ಟ್ರೇಲರಿಗೆ ಹೊಸಾ ಬ್ರೇಕ್ ಹಾಕಸ್ರಿ. ಆಮ್ಯಾಲ ಬರ್ತೇನಿ" ಎಂದೆ. ದೋಣಿಯ ಗಾಡಿಗೆ ಬ್ರೇಕು ಹಾಕುವವರು ಹುಬ್ಬಳ್ಳಿಯಲ್ಲಿ ಯಾರಿದ್ದಾರು ಎಂಬ ಧೈರ್ಯ ನನಗಿತ್ತು.

ಹಳೇ ಹುಬ್ಬಳ್ಳಿಯಲ್ಲಿ ದಾದಾಪೀರ್ ಇದ್ದರು. ನಮ್ಮ ಜೀಪನ್ನು ಮೊದಲಿನಿಂದ ನೋಡಿಕೊಂಡು ಬಂದ ಮೆಕ್ಯಾನಿಕ್. "ಇದನ್ನ ನಮ್ಮ ಓಣ್ಯಾಗ ತರಬ್ಯಾಡ್ರಿ ಅಣ್ಣಾರ. ಒಳಗ ಬಂದ್ರ ತಿರುಗಸಾಕ ಆಗೂದಿಲ್ಲ, ಇಲ್ಲೇ ಮನಿ ಮಾಡ್ಕೊಂಡ ಇರಬೇಕಾಕ್ಕೈತಿ" ಎಂದು ತಾರಿಹಾಳದಲ್ಲಿರುವ ಬೀಗರ ಶೆಡ್ಡಿಗೆ ಒಯ್ದರು. ಗಾಲಿ ಬಿಚ್ಚಿ ನನ್ನನ್ನೂ ಕರೆದು ತೋರಿಸಿದರು. ಹಳೆಯ ಬ್ರೇಕು ಇದ್ದದ್ದು ಹಿಂದಿನ ಎರಡು ಗಾಲಿಗೆ ಮಾತ್ರ. ಅದೂ ಕರಿ ಹಿಡಿದು ಹೋಗಿತ್ತು. "ಇದು ಹಿಡೀದ ಕೆಟ್ಟಿದ್ದಲ್ರಿ ಅಕ್ಕಾರ. ಹಿಡದದ್ದು ಬಿಟ್ಟs ಇಲ್ಲ. ಹಂಗs ಎಳಕೊಂಡ ಅಡ್ಡಾಡ್ಯಾರ, ಸುಟ್ಟ ಹೋಗೇತಿ" ಎಂದರು. ನಾನು ಹ್ಞೂಂ ಎಂದು ತಲೆಯಾಡಿಸಿದೆ. ಆಗ ಅದು ಬರೀ ಗಾಡಿಯ ಮಾತಾಗಿ ಕೇಳಿಸಿತ್ತು.

ನಾಲ್ಕೂ ಗಾಲಿಗೆ ಆಯಿಲ್ ಬ್ರೇಕು ಕೂತವು. ತರಲು ಹೋದ ದಿನ ಇವರು ದೋಣಿಯ ಮೇಲೆ ಹತ್ತಿ ಸ್ಟೇರಿಂಗ್ ತಿರುಗಿಸುತ್ತಿದ್ದರು. ಕೆಳಗೆ ದಾದಾಪೀರ್ ನನಗೆ ಹೇಳುತ್ತಿದ್ದರು: "ಜೀಪ್ ನಿಂತ್ರ ಹಿಂದಿನ ಗಾಡಿ ಮುಂದ ನೂಕತೈತಿ. ನೂಕಿದ ಕೂಡಲೇ ಅದರ ಬ್ರೇಕ್ ತಾನs ಹಿಡೀತೈತಿ. ರಿವರ್ಸ್ ತಗೊಂಡಾಗೂ ಹಂಗs ಹಿಡಕೊಂಡ ಬಿಡತೈತ್ರಿ. ಅದಕ್ಕ ಹಿಂದ ಹೋಗಬೇಕಾದ್ರ ಈ ಪಿನ್ ಹಾಕ್ರಿ, ಮುಂದ ಹೊಂಡಾಗ ಮರೀದ ತಗೀರಿ. ಅಣ್ಣಾರು ಎಲ್ಲೆರ ಕಳೀತಾರ, ನೀವs ಇಟ್ಕೋರಿ." ಬೆರಳುದ್ದದ ಕಬ್ಬಿಣದ ಪಿನ್ನು. ಪರ್ಸಿನಲ್ಲಿ ಹಾಕಿಕೊಂಡೆ.

ಹೊರಡುವ ದಿನ ಬೆಳಿಗ್ಗೆ ಪೂಜೆ. ನಮ್ಮ ಮನೆಯಲ್ಲಿ ಹೊಸದಾಗಿ ಒಂದು ಇಕ್ಕಳ ತಂದರೂ ಅದಕ್ಕೆ ವಿಭೂತಿ ಹಚ್ಚದೆ ಮುಟ್ಟುವಂತಿಲ್ಲ. ಜೀಪಿನ ಕೀಲಿ, ಸ್ಪ್ಯಾನರು, ಅವುಗಳ ಜೊತೆ ಆ ಪಿನ್ನನ್ನೂ ದೇವರ ಜಗಲಿಯ ಮೇಲಿಟ್ಟು ಪೂಜೆ ಮಾಡಿದೆ. ಕೀಲಿ ಇವರ ಕೈಗೆ ಹೋಯಿತು. ಪಿನ್ನು ಕುಂಕುಮ ಹಚ್ಚಿಕೊಂಡು ದೇವರ ಪಕ್ಕದಲ್ಲಿ ಉಳಿಯಿತು. ಪೂಜೆಗೆ ಗಾಡಿಯ ಮುಖ ಪೂರ್ವಕ್ಕಿರಬೇಕೆಂದು ಅತ್ತೆ ಹಟ ಹಿಡಿದು ನಿಲ್ಲಿಸಿದ್ದರು. ಪೂರ್ವಕ್ಕೆ ಸೈಟಿನ ಗೋಡೆ. ಅಂದರೆ ಹೊರಡಬೇಕಾದರೆ ಹಿಂದಕ್ಕೇ ಬರಬೇಕು.

ಗಾಲಿಗಳ ಹಿಂದೆ ನಿಂಬೆಹಣ್ಣು ಇಟ್ಟೆವು. ಇವರು ರಿವರ್ಸ್ ಹಾಕಿದರು. ಜೀಪು ಗುರ್ರೆಂದಿತು. ಟ್ರೇಲರಿನ ಗಾಲಿ ತಿರುಗಲೇ ಇಲ್ಲ. ಬಿಗಿಯಾಗಿ ಹಿಡಿದುಕೊಂಡು, ನಿಂಬೆಹಣ್ಣನ್ನು ಇಡಿಯಾಗಿಯೇ ಮಣ್ಣಿನಲ್ಲಿ ಗೇಣುದ್ದ ದಬ್ಬಿ ನಿಂತುಬಿಟ್ಟಿತು. ಮತ್ತೆ ಮಾಡಿದರು, ಮತ್ತೆ ಅದೇ.

ಅತ್ತೆಯ ಮುಖ ಬಿಳಚಿತು. "ಹಣ್ಣ ಒಡೀಲಿಲ್ಲೋ ಈರಣ್ಣ. ದೇವರು ಬ್ಯಾಡ ಅನ್ನಾಕತ್ತಾನ. ಹೋಗೂದು ಬ್ಯಾಡ, ಮಾರಿಬಿಡು ಅದನ್ನ."

ಆ ಕ್ಷಣಕ್ಕೆ ನನಗೆ ಪಿನ್ನು ನೆನಪಾಯಿತು. ನೆನಪಾದ ಮೇಲೂ ನಾನು ಬಾಯಿ ಬಿಡಲಿಲ್ಲ. ಅದುವರೆಗಿನ ನನ್ನ ಜೀವನದಲ್ಲಿ ಅದೊಂದು ದಾಖಲೆ. ಸುಮ್ಮನಿದ್ದರೆ ಘಾಟಿಲ್ಲ, ತಿರುವಿಲ್ಲ, ಇವರು ಮನೆಯಲ್ಲಿಯೇ ಕಣ್ಣಮುಂದೆ ಇರುತ್ತಾರೆ. ಬೇಡ ಎಂದವಳು ನಾನಲ್ಲ, ದೇವರು. ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಇವರು ಜೀಪಿನಿಂದ ಇಳಿದರು. ಜಗಳಾಡುತ್ತಾರೆ ಎಂದುಕೊಂಡೆ. ಒಂದು ಚೀಲ ಜೋಳದ ಬೀಜಕ್ಕೆ ಅರ್ಧ ದಿನ ಇಡೀ ಪೇಟೆಯೊಡನೆ ವಾದ ಮಾಡುತ್ತಿದ್ದ ಮನುಷ್ಯ. "ಹಂಗಾರ ಆತ ಬಿಡವ್ವಾ" ಎಂದರು, ಅಷ್ಟೇ. ಕಟ್ಟೆಯ ಮೇಲೆ ಕೂತು ಹೊಸ ಬೂಟಿನ ಲೇಸು ಬಿಚ್ಚತೊಡಗಿದರು. ದೋಣಿಯ ಕಡೆ ನೋಡಲೂ ಇಲ್ಲ. ಒಂದು ವರ್ಷದಿಂದ ಇವರು ಹೀಗೆಯೇ ಒಪ್ಪುತ್ತ ಬಂದಿದ್ದರು. ನಾನು ಅದನ್ನು ಗುಣವಾಗುತ್ತಿರುವ ಲಕ್ಷಣ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ತಾರಿಹಾಳದ ಶೆಡ್ಡಿನಲ್ಲಿ ಕಂಡ, ಹಿಡಿದದ್ದು ಬಿಡದೆ ಸುಟ್ಟುಹೋದ ಆ ಬ್ರೇಕು ಕಣ್ಣಮುಂದೆ ಬಂತು. ನನಗೆ ಬಹಳ ಕೆಟ್ಟದೆನಿಸಿತು.

ಒಳಗೆ ಹೋಗಿ ಪಿನ್ನು ತಂದೆ. "ಅತ್ತಿ, ದೇವರು ಬ್ಯಾಡ ಅಂದಿಲ್ರಿ. ಈ ಪಿನ್ನು ನಿಮ್ಮ ಜಗಲಿ ಮ್ಯಾಲ ಕುಂತಿತ್ತು" ಎಂದು ದಾದಾಪೀರ್ ತೋರಿಸಿದ ಜಾಗದಲ್ಲಿ ಕುಂಕುಮದ ಸಮೇತ ತೂರಿಸಿದೆ. ಇವರಿಗೆ, "ಲೇಸ್ ಕಟ್ರಿ" ಎಂದೆ. ಇವರು ಲೇಸು ಕಟ್ಟಿದ ವೇಗಕ್ಕೆ ನಾನೇ ಗಾಬರಿಯಾಗಿ, "ಸಾವಕಾಶ" ಎಂದುಬಿಟ್ಟೆ. ಈ ಸಲ ನಿಂಬೆಹಣ್ಣು ಪಚ್ಚೆಂದು ಒಡೆಯಿತು. ಅತ್ತೆ ಗಲ್ಲ ಗಲ್ಲ ಬಡಿದುಕೊಂಡರು. ರಸ್ತೆಗೆ ಬಂದ ಮೇಲೆ ಪಿನ್ನು ತೆಗೆದು ಪರ್ಸಿಗೆ ಹಾಕಿಕೊಂಡು ನಾನೂ ಹತ್ತಿದೆ.

ಕಲಘಟಗಿ, ಯಲ್ಲಾಪುರ ದಾಟಿ ಘಾಟು ಬಂತು. ಇವರು ಸಣ್ಣ ಗೇರಿನಲ್ಲಿ ನಿಧಾನವಾಗಿ ಇಳಿದರು. ಪ್ರತಿ ತಿರುವಿನಲ್ಲೂ ಹಿಂದಿನ ಭಾರ ಒಮ್ಮೆ ಮೆತ್ತಗೆ ನೂಕುತ್ತಿತ್ತು, ಕೂಡಲೇ ತಾನೇ ಹಿಡಿದುಕೊಳ್ಳುತ್ತಿತ್ತು, ದಾರಿ ನೇರವಾದೊಡನೆ ಬಿಡುತ್ತಿತ್ತು. ಇವರು ಯಾವುದೋ ಹಾಡು ಗುನುಗುತ್ತಿದ್ದರು. ಇವರ ಗುನುಗು ಕೇಳಿ ವರ್ಷವಾಗಿತ್ತು. ನಾನು ಬಾಯಿಯ ಬದಲು ಬಲಗಾಲಿನಿಂದ ಜೀಪಿನ ತಳವನ್ನು ಒತ್ತುತ್ತಿದ್ದೆ.

ಕೆಳಗೆ ಚಹಾದ ಅಂಗಡಿ ಸಿಕ್ಕಿತು. ದಾದಾಪೀರ್ ಹೇಳಿಕೊಟ್ಟಂತೆ ಇವರು ನಾಲ್ಕೂ ಗಾಲಿಗಳ ಹತ್ತಿರ ಅಂಗೈ ಹಿಡಿದು ನೋಡಿ, "ಬೆಚ್ಚಗ ಅದಾವ, ಅಷ್ಟ. ಛಲೋ ಆತು" ಎಂದರು. ನನ್ನ ಕಾಲು ಮಾತ್ರ ಸೆಟೆದು ನೆಲಕ್ಕೆ ಊರಲು ಬರುತ್ತಿರಲಿಲ್ಲ. ಅಂಗಡಿಯವನು ಬಿಸಿ ಮಿರ್ಚಿ ಭಜಿ ತಂದಿಟ್ಟ. ಇವರು ತಟ್ಟೆ ನೋಡಿದರು, ನನ್ನನ್ನು ನೋಡಿದರು. "ಒಂದ ತಿನ್ರಿ" ಎಂದೆ. ಒಂದನ್ನು ತಿಂದು ಕೈ ಒರೆಸಿಕೊಂಡು ಎದ್ದರು. ಯಾರೂ ಬ್ರೇಕು ಹಿಡಿಯದೆ ಒಂದಕ್ಕೇ ತಾವಾಗಿಯೇ ನಿಂತರು. ಉಳಿದ ಭಜಿಯನ್ನು ಎಲ್ಲಿ ಬಿಡುವುದು? ಒಂದು ವರ್ಷದಿಂದ ಇವರ ಜೊತೆ ನಾನೂ ಬಿಟ್ಟಿದ್ದೆ. ಎಲ್ಲವನ್ನೂ ನಾನೇ ತಿಂದೆ.

ಮರುದಿನ ಕಾಳಿ ನದಿಯಲ್ಲಿ ದೋಣಿ ಇಳಿಯಿತು. ಎದೆ ಉರಿಯುತ್ತ, ಹೊಟ್ಟೆ ಹಿಡಿದುಕೊಂಡು ನಾನು ದಂಡೆಯ ಕಲ್ಲಿನ ಮೇಲೆ ಕೂತಿದ್ದೆ. ನಡುನೀರಿನಲ್ಲಿ ಇವರು ಎಂಜಿನ್ನಿನ ಸದ್ದು ತಗ್ಗಿಸಿ, ದೋಣಿಯನ್ನು ನನ್ನ ಕಡೆ ತಿರುಗಿಸಿ ಕೂಗಿದರು:

"ಗುಳಿಗಿ ತಗೊಂಡಿ ಏನ?"